ನೂರಮೂವತ್ತನೇ ಸ್ಥಾನ ಯಾವ ಓಣಿಯದು?

2025ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ ಬಂದಾಗ 193 ದೇಶಗಳ ಪಟ್ಟಿಯಲ್ಲಿ ಭಾರತಕ್ಕೆ ಸಿಕ್ಕಿದ್ದು 130ನೇ ಸ್ಥಾನ. ಹಿಂದಿನ ಸಲಕ್ಕಿಂತ ಮೇಲೆ ಬಂದಿದ್ದೇವೆ ಎಂದು ಕೆಲವರು ಬೆನ್ನು ತಟ್ಟಿಕೊಂಡರು. ಬಾಂಗ್ಲಾದೇಶದ ಜೊತೆ ಒಂದೇ ಮಣೆಯ ಮೇಲೆ ಕೂತಿದ್ದೇವೆ, ಶ್ರೀಲಂಕಾ ನೋಡಿದರೆ 89ರಲ್ಲಿದೆ ಎಂದು ಇನ್ನು ಕೆಲವರು ಹಂಗಿಸಿದರು. ನಾಲ್ಕು ದಿನ ಟಿವಿಯಲ್ಲಿ ವಾಗ್ವಾದ ನಡೆದು ವಿಷಯ ತಣ್ಣಗಾಯಿತು. ಆ ಅಂಕಿಯಿಂದಾಗಿ ಯಾವುದಾದರೂ ಕಚೇರಿಯಲ್ಲಿ ಒಂದು ಕಡತವಾದರೂ ಈ ಮೇಜಿನಿಂದ ಆ ಮೇಜಿಗೆ ಸರಿಯಿತೇ? ನನಗೆ ಹಾಗನಿಸುವುದಿಲ್ಲ. ಆ ಅಂಕಿಗೆ ವಿಳಾಸವೇ ಇಲ್ಲ. ಅದನ್ನು ಹಿಡಿದುಕೊಂಡು ಯಾರ ಮನೆ ಬಾಗಿಲು ತಟ್ಟಬೇಕು, ಯಾವ ಅಧಿಕಾರಿಯನ್ನು ಕೇಳಬೇಕು ಎಂದು ಯಾರಿಗೂ ತಿಳಿಯುವುದಿಲ್ಲ.

ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವಳು. ಸಂಖ್ಯಾಸಂಗ್ರಹಣ ಇಲಾಖೆಯಲ್ಲಿ ನೌಕರಿ ಮಾಡಿದೆ, ಅದರಲ್ಲಿ ಹೆಚ್ಚು ಕಾಲ ರಾಯಚೂರು ಜಿಲ್ಲೆಯಲ್ಲಿ. ನಿವೃತ್ತಿಯಾದ ಮೇಲೆ ಮಗಳ ಜೊತೆ ಕಾಶಿಯಲ್ಲಿದ್ದೇನೆ. ಅವಳು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ, ನಮ್ಮ ಮನೆ ಲಂಕಾ ಬಡಾವಣೆಯಲ್ಲಿದೆ. ಊರ ಕಡೆಯಿಂದ ಯಾತ್ರೆಗೆ ಬಂದವರು ಹನುಮಾನ್ ಘಾಟಿನ ಹತ್ತಿರವೋ ಜಂಗಮವಾಡಿ ಮಠದಲ್ಲೋ ಇಳಿದುಕೊಂಡು, ಒಂದು ಸಂಜೆ ನಮ್ಮ ಮನೆಗೂ ಬರುತ್ತಾರೆ. ಎಲ್ಲರದೂ ಒಂದೇ ಮಾತು: ‘ಕಾಶಿ ಎಷ್ಟ ಬದಲಾಗೇತ್ರೀ!’ ಬದಲಾಗಿರುವುದು ನಿಜ. 2021ರ ಡಿಸೆಂಬರಿನಲ್ಲಿ ವಿಶ್ವನಾಥ ಧಾಮ ತೆರೆಯಿತು, ಘಾಟುಗಳು ಚೊಕ್ಕಟವಾದವು, ವರ್ತುಲ ರಸ್ತೆ ಬಂತು, ಪ್ರಧಾನಿಯವರ ಕ್ಷೇತ್ರವಾದ್ದರಿಂದ ಕೆಲಸಗಳಿಗೆ ಹಣದ ಕೊರತೆಯಾಗಲಿಲ್ಲ. ಇವನ್ನೆಲ್ಲ ಅಳೆಯುವುದು ಸುಲಭ. ಇಷ್ಟು ಕಿಲೋಮೀಟರು, ಇಷ್ಟು ಕೋಟಿ, ಇಷ್ಟು ಯಾತ್ರಿಕರು ಎಂದು ಬರೆದರೆ ಮುಗಿಯಿತು. ನಮ್ಮ ಮನೆಯಿಂದ ಆಟೊದಲ್ಲಿ ಸ್ವಲ್ಪವೇ ದೂರದಲ್ಲಿರುವ ಬಜರ್‌ಡೀಹಾ ಎಂಬ ನೇಕಾರರ ಬಸ್ತಿಯಲ್ಲಿ ಮನುಷ್ಯರ ಬಾಳು ಈ ಹತ್ತು ವರ್ಷದಲ್ಲಿ ಎಷ್ಟು ಮೇಲೆ ಬಂತು ಎಂದು ಕೇಳಿ ನೋಡಿ. ಉತ್ತರ ಕೊಡುವ ಒಂದು ಕಾಗದವೂ ಸರ್ಕಾರದ ಬಳಿ ಸಿಗುವುದಿಲ್ಲ.

ಮಾನವ ಅಭಿವೃದ್ಧಿ ಸೂಚ್ಯಂಕ ಹುಟ್ಟಿದ್ದೇ ಈ ಪ್ರಶ್ನೆ ಕೇಳುವುದಕ್ಕೆ. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ 1990ರಲ್ಲಿ ಮೊದಲ ವರದಿ ತಂದರು. ಕೇಂಬ್ರಿಜ್‌ನಲ್ಲಿ ಜೊತೆಗೆ ಓದಿದ ಗೆಳೆಯ ಅಮರ್ತ್ಯ ಸೇನ್ ಅವರನ್ನೂ ಈ ಕೆಲಸಕ್ಕೆ ಎಳೆದುಕೊಂಡರು. ಇಡೀ ಬದುಕನ್ನು ಒಂದೇ ಅಂಕಿಗೆ ಇಳಿಸುವುದು ಸೇನ್ ಅವರಿಗೆ ಮೊದಲು ಒಪ್ಪಿಗೆಯಾಗಿರಲಿಲ್ಲ. ಹಕ್ ಪಟ್ಟು ಬಿಡಲಿಲ್ಲ. ಜಿಡಿಪಿ ಎಂಬ ಒಂದೇ ಅಂಕಿಗೆ ಜಗತ್ತೇ ತಲೆಬಾಗುತ್ತಿರುವಾಗ, ಅದಕ್ಕೆ ಎದುರಾಗಿ ನಿಲ್ಲಲು ಇನ್ನೊಂದು ಅಂಕಿಯೇ ಬೇಕು ಎಂಬುದು ಅವರ ವಾದ. ಆ ವಾದ ಸರಿ ಎಂದೇ ನಾನು ತಿಳಿದಿದ್ದೇನೆ. ಬಜೆಟ್ ಬರೆಯುವವರ ಮುಂದೆ ಸಂಕಟದ ಕತೆಗೆ ಕಿಮ್ಮತ್ತಿಲ್ಲ, ಕೋಷ್ಟಕಕ್ಕೆ ಇದೆ. ನೌಕರಿಯುದ್ದಕ್ಕೂ ನಾನು ಕಂಡದ್ದು ಇದನ್ನೇ.

ಆ ಒಂದು ಅಂಕಿಯನ್ನು ಬಿಚ್ಚಿ ನೋಡಬೇಕು. ಒಳಗಿರುವುದು ನಾಲ್ಕೇ ನಾಲ್ಕು ಲೆಕ್ಕ. ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕೀತು: ಭಾರತದಲ್ಲಿ 72. ಈಗ ಶಾಲೆಗೆ ಸೇರುವ ಮಗು ಎಷ್ಟು ವರ್ಷ ಓದೀತು: 13. ಇಪ್ಪತ್ತೈದು ದಾಟಿದವರು ನಿಜವಾಗಿ ಓದಿದ್ದು ಎಷ್ಟು ವರ್ಷ: 6.9. ತಲಾ ಆದಾಯ ಎಷ್ಟು: ಬೆಲೆಗಳನ್ನು ಸರಿಹೊಂದಿಸಿದರೆ ವರ್ಷಕ್ಕೆ ಸುಮಾರು 9,047 ಡಾಲರ್. ಆಯುಷ್ಯಕ್ಕೆ 20ರಿಂದ 85 ವರ್ಷ ಎಂಬ ಗೆರೆಗಳಿವೆ. ನಮ್ಮ 72ನ್ನು ಅಲ್ಲಿಟ್ಟರೆ 0.80 ಬರುತ್ತದೆ. ಆದಾಯಕ್ಕೆ 0.68. ಓದಿನ ಎರಡು ಲೆಕ್ಕ ಸೇರಿ 0.59. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ 0.685; ಇದೇ ನಮ್ಮ 130ನೇ ಸ್ಥಾನ. ಕಾಗದ, ಪೆನ್ನು, ಒಂದು ಕ್ಯಾಲ್ಕುಲೇಟರ್ ಇದ್ದರೆ ಹೈಸ್ಕೂಲಿನ ಹುಡುಗಿಯೂ ಮಾಡಬಹುದಾದ ಲೆಕ್ಕ ಇದು. ಶಾಲೆಯಲ್ಲಿ ಮಕ್ಕಳಿಂದ ಮಾಡಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಬಾಂಗ್ಲಾದೇಶದ ಅಂಕಿಯೂ 0.685. ಅವರ ತಲಾ ಆದಾಯ ನಮಗಿಂತ ಕಡಿಮೆ, ಆಯುಷ್ಯ ನಮಗಿಂತ ಎರಡೂವರೆ ವರ್ಷಕ್ಕೂ ಹೆಚ್ಚು. ಹಣ ಮೊದಲು ಬರಲಿ, ಆರೋಗ್ಯ ತಾನಾಗಿ ಹಿಂದೆ ಬರುತ್ತದೆ ಎನ್ನುವವರು ಈ ಒಂದು ಸಾಲನ್ನು ಓದಿದರೆ ಸಾಕು.

ನಮ್ಮ ಮೂರು ಅಂಕಿಗಳಲ್ಲಿ ತೀರಾ ಸೊರಗಿರುವುದು ಓದಿನದು. ಅದರೊಳಗೂ ಒಂದು ಬಿರುಕಿದೆ. ಮಕ್ಕಳು ಓದಬಹುದಾದ 13 ವರ್ಷಕ್ಕೂ ದೊಡ್ಡವರು ಓದಿರುವ 6.9 ವರ್ಷಕ್ಕೂ ನಡುವೆ ಆರು ವರ್ಷದ ಅಂತರ. ದೇಶದ ಮಟ್ಟದಲ್ಲಿ ಇದು ಬರೀ ಕಳೆಯುವ ಲೆಕ್ಕ. ಬಜರ್‌ಡೀಹಾದ ಒಂದು ಮನೆಯಲ್ಲಿ ನಾನು ಇದನ್ನು ತಾಯಿ-ಮಗಳಾಗಿ ಕಂಡೆ.

ಒಳಕ್ಕೆ ಕಾಲಿಟ್ಟರೆ ಕೋಣೆಯ ಮುಕ್ಕಾಲು ಭಾಗ ಮಗ್ಗ. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಕೈಮಗ್ಗ ಅದು, ಮೇಲೆ ಜಕಾರ್ಡ್ ಪೆಟ್ಟಿಗೆ, ಅದರಿಂದ ಇಳಿಬಿದ್ದ ತೂತು ತೂತಿನ ರಟ್ಟುಗಳು. ಮನೆಯ ಯಜಮಾನ ಕುಣಿಯೊಳಗೆ ಕಾಲು ಇಳಿಬಿಟ್ಟು ಲಾಳಿ ಹೊಡೆಯುತ್ತಿದ್ದ. ನಮ್ಮ ಇಳಕಲ್ಲಿನ ಮಗ್ಗಕ್ಕಿಂತ ಎತ್ತರ, ಸದ್ದು ಮಾತ್ರ ಅದೇ. ಅವನ ಹೆಂಡತಿ ಗೋಡೆಗೆ ಒರಗಿ ರಾಟೆಯಲ್ಲಿ ರೇಷ್ಮೆಯ ಕಂಡಿಕೆ ಸುತ್ತುತ್ತಿದ್ದಳು. ಎಡಗೈ ಬೆರಳ ಸಂದಿಯಲ್ಲಿ ಎಳೆ, ಬಲಗೈಯಲ್ಲಿ ಹಿಡಿ. ಎಳೆ ತುಂಡಾದರೆ ನೋಡದೆಯೇ ಗಂಟು ಹಾಕುವ ಕೈ. ನಾನು ನೇಕಾರರ ಮಗಳು ಎಂದು ತಿಳಿದ ಮೇಲೆ ‘ಅಮ್ಮಾ, ಬೈಠಿಯೇ’ ಎಂದು ಮಂಚದ ತುದಿಯಲ್ಲಿ ಜಾಗ ಮಾಡಿದರು. ಮಾತಿನ ನಡುವೆ, ಹಳೆಯ ಅಭ್ಯಾಸ ನೋಡಿ, ‘ಇವರು ಏನು ಕೆಲಸ ಮಾಡುತ್ತಾರೆ?’ ಎಂದು ಕೇಳಿದೆ. ಯಜಮಾನ ತಲೆ ಎತ್ತದೆ ಹೇಳಿದ: ‘ಯೇ? ಕುಛ್ ನಹೀಂ. ಘರ್ ಮೇಂ ರಹತೀ ಹೈ.’ ರಾಟೆ ನಿಲ್ಲಲಿಲ್ಲ.

ಇದೇ ಉತ್ತರವನ್ನು ನಾನು ಇಳಕಲ್ಲಿನಲ್ಲೂ ಗುಳೇದಗುಡ್ಡದಲ್ಲೂ ಕೇಳಿದ್ದೇನೆ. ‘ಏನಿಲ್ರೀ, ಮನ್ಯಾಗ ಇರ್ತಾಳ.’ ಹಾಗೆ ಹೇಳುವವರಲ್ಲಿ ಕೆಡುಕು ಇರುವುದಿಲ್ಲ, ಕೂಲಿ ಬಾರದ ಕೆಲಸವನ್ನು ಕೆಲಸವೆಂದು ಕರೆಯುವ ರೂಢಿ ಇಲ್ಲ ಅಷ್ಟೆ. ನಮೂನೆಯಲ್ಲಿ ಮಾತ್ರ ಆಕೆಯ ಹೆಸರಿನ ಮುಂದೆ ‘ಗೃಹಕೃತ್ಯ’ ಎಂದು ಬೀಳುತ್ತದೆ. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ, ಲಾಳಿ ಓಡದೆ ಸೀರೆ ಇಲ್ಲ. ಆ ಸೀರೆ ಮಾರಿದ ಹಣ ದೇಶದ ಆದಾಯದಲ್ಲಿ ಸೇರುತ್ತದೆ, ಅವಳು ಸೇರುವುದಿಲ್ಲ. ವಿಶ್ವಸಂಸ್ಥೆಯವರು ಗಂಡಸರ ಹೆಂಗಸರ ಆದಾಯವನ್ನು ಬೇರೆ ಮಾಡಿ ಅಂದಾಜಿಸುವಾಗ, ದುಡಿಯುವವರಲ್ಲಿ ಹೆಂಗಸರ ಪಾಲೆಷ್ಟು, ಅವರ ಕೂಲಿ ಎಷ್ಟು ಎಂದು ನೋಡುತ್ತಾರೆ. ದುಡಿಯುವವರ ಪಟ್ಟಿಯಲ್ಲೇ ಹೆಸರಿಲ್ಲದವಳಿಗೆ ಪಾಲು ಎಲ್ಲಿಂದ ಬರಬೇಕು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ಕೊಡುವುದು ದಿನಕ್ಕೆ 289 ನಿಮಿಷ, ಗಂಡಸು 88. ರಾಟೆಯ ಹೊತ್ತನ್ನು ಇದರ ಮೇಲೆ ಕೂಡಿಸಿಕೊಳ್ಳಿ.

ಆಕೆ ಶಾಲೆಯ ಮುಖ ಕಂಡವಳಲ್ಲ. ಮಗಳು ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ, ಮೊಬೈಲಿನಲ್ಲಿ ಟಿಪ್ಪಣಿ ತೆರೆದಿಟ್ಟುಕೊಂಡು ನಮ್ಮ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಂದೇ ಮನೆಯ ಒಂದೇ ಕೋಣೆಯಲ್ಲಿ ಸೊನ್ನೆ ವರ್ಷ ಮತ್ತು ಹದಿನಾಲ್ಕು ವರ್ಷ. ದೇಶ ಮುಂದೆ ಹೋಗುತ್ತಿರುವುದಕ್ಕೆ ಆ ಹುಡುಗಿಯೇ ಸಾಕ್ಷಿ, ನನಗೆ ಅದರಲ್ಲಿ ಸಂಶಯವಿಲ್ಲ. ಆದರೆ ಅವಳ ತಮ್ಮ ಎಲ್ಲಿ ಎಂದು ಕೇಳಿದರೆ ಸೂರತ್‌ನಲ್ಲಿದ್ದಾನೆ ಎಂದರು, ವಿದ್ಯುತ್ ಮಗ್ಗದ ಕಾರ್ಖಾನೆಯಲ್ಲಿ. ಪಕ್ಕದ ಮನೆಯ ಹುಡುಗ ನಮ್ಮ ಬೆಂಗಳೂರಿನಲ್ಲೇ ಇದ್ದಾನಂತೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಮಗ್ಗದ ಮುಂದೆ ಕೂತ ಮಕ್ಕಳೂ ಈ ಬಸ್ತಿಗಳಲ್ಲಿದ್ದಾರೆ. ಸೂಚ್ಯಂಕದ ‘13 ವರ್ಷ’ ನಿಂತಿರುವುದು ದಾಖಲಾತಿಯ ಮೇಲೆ. ಕಲಿಕೆಯ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. 2024ರ ‘ಅಸರ್’ ಸಮೀಕ್ಷೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದಾಗ, ಸರ್ಕಾರಿ ಶಾಲೆಯ ಐದನೇ ತರಗತಿಯಲ್ಲಿರುವ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 44.8 ಮಾತ್ರ.

2009ರಲ್ಲಿ ಬನಾರಸಿ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿತು, ದೊಡ್ಡ ಅಂಗಡಿಗಳ ಬೋರ್ಡಿನಲ್ಲಿ ಅದು ಎದ್ದು ಕಾಣುತ್ತದೆ. 2019-20ರ ಕೈಮಗ್ಗ ಗಣತಿ ಹೇಳಿದ್ದು ಬೇರೆಯೇ. ದೇಶದ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕುಟುಂಬಗಳ ತಿಂಗಳ ಗಳಿಕೆ 5,000 ರೂಪಾಯಿಗಿಂತ ಕಡಿಮೆ. ಕಬೀರರು ಇದೇ ಊರಿನ ನೇಕಾರರು, ನಮ್ಮ ದಾಸಿಮಯ್ಯನವರು ಸುರಪುರ ಸೀಮೆಯ ಮುದನೂರಿನ ನೇಕಾರರು. ಇಬ್ಬರನ್ನೂ ಪೂಜಿಸುತ್ತೇವೆ. ಅವರ ಕಸುಬಿನವರ ಮಕ್ಕಳ ತೂಕ ಎಷ್ಟಿದೆ ಎಂದು ನೋಡುವುದನ್ನು ಮಾತ್ರ ಮುಂದೂಡುತ್ತಲೇ ಬಂದಿದ್ದೇವೆ.

ಜಿಲ್ಲಾವಾರು ಅಂಕಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ಮಟ್ಟಕ್ಕೆ ಇಳಿಯುತ್ತದೆ. ಅದನ್ನೇ ಆಧರಿಸಿ ನೀತಿ ಆಯೋಗ ಬಹು ಆಯಾಮದ ಬಡತನವನ್ನು ಅಳೆಯುತ್ತದೆ: ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ಬ್ಯಾಂಕ್ ಖಾತೆ ಹೀಗೆ ಹನ್ನೆರಡು ಗುರುತುಗಳು. 2015-16ರಿಂದ 2019-21ರ ನಡುವೆ ಉತ್ತರ ಪ್ರದೇಶದಲ್ಲಿ ಇಂಥ ಬಡವರ ಪ್ರಮಾಣ ಶೇ 37.68ರಿಂದ 22.93ಕ್ಕೆ ಇಳಿಯಿತು, ಕರ್ನಾಟಕದಲ್ಲಿ ಶೇ 12.77ರಿಂದ 7.58ಕ್ಕೆ. ಇದು ಸಣ್ಣ ಸಾಧನೆಯಲ್ಲ, ಯಾವ ಪಕ್ಷದ ಸರ್ಕಾರವಿದ್ದರೂ ಒಪ್ಪಬೇಕಾದದ್ದೇ. ಆದರೆ ಜಿಲ್ಲೆ ಎಂಬುದು ಎಷ್ಟು ದೊಡ್ಡ ಪರದೆ ಎಂಬುದಕ್ಕೆ ಕಾಶಿಯಷ್ಟು ಚೆನ್ನಾದ ಉದಾಹರಣೆ ಇನ್ನೊಂದಿಲ್ಲ.

ಗಂಗೆಯ ಆಚೆ ದಡದಲ್ಲಿರುವ ಚಂದೌಲಿ 1997ರವರೆಗೂ ವಾರಾಣಸಿ ಜಿಲ್ಲೆಯ ಭಾಗವೇ ಆಗಿತ್ತು. ನಮ್ಮ ಯಾತ್ರಿಕರು ಇಳಿಯುವ ಮೊಘಲ್‌ಸರಾಯ್, ಅಂದರೆ ಈಗಿನ ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಇರುವುದು ಅಲ್ಲಿ. ಅದರ ದಕ್ಷಿಣಕ್ಕೆ ಚಕಿಯಾ, ನೌಗಢ ಎಂಬ ಗುಡ್ಡಗಾಡು. 1997ರಲ್ಲಿ ಗೆರೆ ಎಳೆದು ಬೇರೆ ಜಿಲ್ಲೆ ಮಾಡಿದರು. ಆ ಗುಡ್ಡಗಾಡೆಲ್ಲ ಒಂದೇ ಆದೇಶದಿಂದ ವಾರಾಣಸಿಯ ಸರಾಸರಿಯಿಂದ ಹೊರಗೆ ಬಿತ್ತು. ಯಾರ ಹೊಟ್ಟೆಗೂ ಒಂದು ತುತ್ತು ಹೆಚ್ಚು ಹೋಗಬೇಕಾಗಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳನ್ನು ‘ಆಕಾಂಕ್ಷಿ ಜಿಲ್ಲೆ’ಗಳೆಂದು ಗುರುತಿಸಿದಾಗ ಚಂದೌಲಿ ಆ ಪಟ್ಟಿಗೆ ಸೇರಿತು, ಸೇತುವೆಯ ಈಚೆಗಿರುವ ವಾರಾಣಸಿ ಸೇರಲಿಲ್ಲ. ಅದೇ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಇವೆ. ಚಂದೌಲಿಗೆ ವಿಳಾಸ ಸಿಕ್ಕಿತು ಎಂದು ನನಗೆ ಸಂತೋಷವೇ. ಬಜರ್‌ಡೀಹಾ ಮಾತ್ರ ವಾರಾಣಸಿಯ ಸರಾಸರಿಯೊಳಗೆ, ವಿಶ್ವವಿದ್ಯಾಲಯದ ಪ್ರೊಫೆಸರರ ಬಂಗಲೆಗಳ ಜೊತೆ, ಕಂಟೋನ್ಮೆಂಟಿನ ಹೋಟೆಲುಗಳ ಜೊತೆ ಕೂಡಿ ಭಾಗವಾಗಿ ಹೋಯಿತು.

ಆಯುಷ್ಯದ ವಿಚಾರವಂತೂ ಕಾಶಿಯಲ್ಲಿ ಇನ್ನೂ ಜಟಿಲ. ಸಾಯಲೆಂದೇ ಜನ ಬರುವ ಊರು ಇದು. ಕೊನೆಯ ದಿನಗಳಿಗೆಂದು ಬಂದವರಿಗೆ 1958ರಿಂದ ಜಾಗ ಕೊಡುತ್ತಿರುವ ಮುಕ್ತಿಭವನ ಇಲ್ಲಿದೆ. ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಗೆ ಬಿಹಾರದಿಂದ, ಜಾರ್ಖಂಡ್‌ನಿಂದ, ಪೂರ್ವಾಂಚಲದ ಹತ್ತಾರು ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ, ಎಲ್ಲರೂ ಉಳಿಯುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಹಾಗಾಗಿ ಇಲ್ಲಿನ ಮರಣದ ದಾಖಲೆ ನೋಡಿ ಇಲ್ಲಿನವರ ಆಯುಷ್ಯ ಲೆಕ್ಕ ಹಾಕಲು ಬರುವುದಿಲ್ಲ. ದೇಶದ ಆಯುಷ್ಯದ ಅಂಕಿ ಬರುವುದು ಮಾದರಿ ನೋಂದಣಿ ವ್ಯವಸ್ಥೆಯಿಂದ. ಆಯ್ದ ಹಳ್ಳಿ, ಆಯ್ದ ಬೀದಿಗಳಲ್ಲಿ ಒಬ್ಬ ಸ್ಥಳೀಯ ಗಣತಿದಾರರು ಹುಟ್ಟು-ಸಾವು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಬೇರೆಯಾಗಿ ಕೇಳಿ ತಾಳೆ ನೋಡುತ್ತಾರೆ. ಬಹಳ ಅಚ್ಚುಕಟ್ಟಾದ ಪದ್ಧತಿ, ಆದರೆ ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. ಕೇರಳದವರಿಗಿಂತ ಉತ್ತರ ಪ್ರದೇಶದವರು ಸುಮಾರು ಒಂಬತ್ತು ವರ್ಷ ಕಡಿಮೆ ಬದುಕುತ್ತಾರೆ ಎಂದು ಅದು ಹೇಳುತ್ತದೆ. ಲಂಕಾದವರಿಗಿಂತ ಬಜರ್‌ಡೀಹಾದವರು ಎಷ್ಟು ಕಡಿಮೆ ಬದುಕುತ್ತಾರೆ ಎಂದು ಹೇಳಲಾರದು.

ಸಣ್ಣ ಮಟ್ಟದಲ್ಲಿ ಲೆಕ್ಕ ಇಡಲು ಸಾಧ್ಯವೇ ಇಲ್ಲ ಎನ್ನುವವರಿಗೆ ಇದೇ ಊರಿನಲ್ಲಿ ಉತ್ತರವಿದೆ. 2017ರಲ್ಲಿ ಟಾಟಾ ಮೆಮೋರಿಯಲ್‌ನವರು ವಾರಾಣಸಿ ಜಿಲ್ಲೆಗೆ ಕ್ಯಾನ್ಸರ್ ನೋಂದಣಿ ಶುರು ಮಾಡಿದರು. ಆಸ್ಪತ್ರೆ, ಲ್ಯಾಬು, ಪಾಲಿಕೆಯ ಮರಣ ದಾಖಲೆ ಎಲ್ಲ ಜಾಲಾಡಿ, ಪ್ರತಿ ರೋಗಿಯ ವಾಸಸ್ಥಳ ಪರಿಶೀಲಿಸಿ, ಇಲ್ಲಿನ ನಿವಾಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಎಲ್ಲಕ್ಕಿಂತ ಹೆಚ್ಚು ಎಂದು ಗೊತ್ತಾದದ್ದು ಹೀಗೆ. ಪಾನು, ಗುಟ್ಕಾದ ಊರಿನಲ್ಲಿ ಅದು ಊಹೆಯಾಗಿ ಎಲ್ಲರಿಗೂ ತಿಳಿದಿತ್ತು. ಈಗ ತಪಾಸಣೆ ಶಿಬಿರ ಎಲ್ಲಿ ಹಾಕಬೇಕು ಎಂದು ವಾದಿಸಲು ಆಧಾರವಿದೆ. ಮನಸ್ಸಿದ್ದರೆ ವಿಳಾಸ ಹಿಡಿದು ಎಣಿಸಬಹುದು.

ಈ ವಿಷಯದಲ್ಲಿ ಕರ್ನಾಟಕದ ಅನುಭವ ದೇಶಕ್ಕೇ ಪಾಠ. ನಾವೇ ಅದನ್ನು ಮರೆಯುತ್ತಿದ್ದೇವೆ ಎಂಬುದು ನನ್ನ ಕೊರಗು. 1999ರಲ್ಲಿ, ಮತ್ತೆ 2005ರಲ್ಲಿ ರಾಜ್ಯದ ಮಾನವ ಅಭಿವೃದ್ಧಿ ವರದಿ ಬಂತು. ಎರಡನೆಯ ವರದಿಯಲ್ಲಿ 2001ರ ಅಂಕಿಯಂತೆ ಬೆಂಗಳೂರು ನಗರ ಜಿಲ್ಲೆ 0.753, ನಮ್ಮ ರಾಯಚೂರು 0.547, ಎಲ್ಲರಿಗಿಂತ ಕೊನೆ. ಇದಕ್ಕೂ ಮುಂಚೆಯೇ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಜಿಲ್ಲೆಯನ್ನೂ ದಾಟಿ ತಾಲ್ಲೂಕಿಗೆ ಇಳಿದಿತ್ತು. ಆಗಿದ್ದ 175 ತಾಲ್ಲೂಕುಗಳನ್ನು 35 ಗುರುತುಗಳಿಂದ ಅಳೆದು 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದವು. ಕಟ್ಟಕಡೆಗೆ ರಾಯಚೂರು ಜಿಲ್ಲೆಯ ದೇವದುರ್ಗ. ಎಂಟು ವರ್ಷಕ್ಕೆ 31 ಸಾವಿರ ಕೋಟಿ ರೂಪಾಯಿ ವೆಚ್ಚ ಮಾಡಿ ಎಂದು ತಾಲ್ಲೂಕುವಾರು ಸೂಚಿಸಿತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂತು. ಮುಂದೆ ಆ ಭಾಗಕ್ಕೆ ಸಂವಿಧಾನದ 371 ಜೆ ವಿಧಿಯ ವಿಶೇಷ ಸ್ಥಾನಮಾನ ಕೇಳಿದ ಹೋರಾಟದ ವೇದಿಕೆಗಳಲ್ಲೆಲ್ಲ ನಂಜುಂಡಪ್ಪ ವರದಿಯ ಕೋಷ್ಟಕಗಳೇ ಮಾತಾಡಿದವು. 2015ರ ಹೊತ್ತಿಗೆ ರಾಜ್ಯ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೂ ಮಾನವ ಅಭಿವೃದ್ಧಿಯನ್ನು ಅಳೆದು ವರದಿ ತಂದಿತು.

ದೇವದುರ್ಗದ ತಾಂಡಾಗಳಲ್ಲಿ ಪಟ್ಟಿ ಹಿಡಿದು ತಿರುಗಿದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಸುಗ್ಗಿ ಮುಗಿದ ಮೇಲೆ ಹೋದರೆ ಸಾಲು ಮನೆಗಳಿಗೆ ಬೀಗ. ಜನ ಗುಳೆ ಹೋಗಿರುತ್ತಿದ್ದರು. ಬೀಗ ಹಾಕಿದ ಮನೆ ಎಂದು ಬರೆದು ಮುಂದಿನ ಮನೆಗೆ ಹೋಗುವುದು ನಿಯಮ. ನಮ್ಮಲ್ಲಿ ಕೆಲವರು ಹಬ್ಬಕ್ಕೆ ಜನ ಮರಳುವ ಹೊತ್ತು ನೋಡಿ ಮತ್ತೆ ಹೋಗುತ್ತಿದ್ದೆವು. ಹಾಗೆ ಹೋದಾಗಲೇ ಗೊತ್ತಾಗುತ್ತಿತ್ತು, ಬೀಗದ ಹಿಂದಿರುವ ಮನೆಗಳೇ ಎಲ್ಲಕ್ಕಿಂತ ಬಡ ಮನೆಗಳು ಎಂದು. ಬಜರ್‌ಡೀಹಾದಿಂದ ಸೂರತ್‌ಗೆ ಹೋದ ಹುಡುಗ ಕೂಡ ಎರಡೂ ಊರಿನ ಲೆಕ್ಕದಿಂದ ಜಾರಿಬೀಳುವ ಸಾಧ್ಯತೆಯೇ ಹೆಚ್ಚು.

ಅಂಕಿ ಬಂದ ಮಾತ್ರಕ್ಕೆ ದೇವದುರ್ಗ ಉದ್ಧಾರವಾಯಿತೇ? ಇಲ್ಲ. ಮಂಜೂರಾದ ಹಣ ಪೂರ್ತಿ ಖರ್ಚಾಗದ ವರ್ಷಗಳಿವೆ, ಶಿಕ್ಷಕರ ಹುದ್ದೆ ಖಾಲಿ ಬಿದ್ದ ಶಾಲೆಗಳಿವೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ. ನಂಜುಂಡಪ್ಪ ವರದಿ ಬಂದು ಇಪ್ಪತ್ತು ವರ್ಷ ದಾಟಿದ ಮೇಲಿನ ಮಾತಿದು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಪ್ರಾದೇಶಿಕ ಅಸಮತೋಲನಕ್ಕೆ ಹೊಸ ಸಮಿತಿ ಮಾಡಬೇಕಾಗಿ ಬಂದದ್ದೇ ಹಳೆಯ ಕೆಲಸ ಮುಗಿದಿಲ್ಲ ಎಂಬುದಕ್ಕೆ ಪುರಾವೆ. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ದೇವದುರ್ಗದ ರೈತನೊಬ್ಬ ವಿಧಾನಸೌಧದ ಕಡೆ ಬೆರಳು ಮಾಡಿ, ನಮ್ಮದು ಕಟ್ಟಕಡೆಯ ತಾಲ್ಲೂಕು, ನಮ್ಮ ಪಾಲು ಎಲ್ಲಿ ಎಂದು ಕೇಳಬಲ್ಲ. ಬಜರ್‌ಡೀಹಾದ ನೇಕಾರನ ಕೈಯಲ್ಲಿ ಹಾಗೆ ಕೇಳಲು ಏನೂ ಇಲ್ಲ. ಉತ್ತರ ಪ್ರದೇಶವೂ 2003ರಲ್ಲಿ ತನ್ನ ಮಾನವ ಅಭಿವೃದ್ಧಿ ವರದಿ ತಂದಿತ್ತು. ಅಂಥದ್ದೊಂದು ಇದೆ ಎಂದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಓಣಿವಾರು ಅಂಕಿ ಪ್ರಕಟಿಸಿದರೆ ಒಂದು ಬಸ್ತಿಗೆ, ಅದರಲ್ಲೂ ಒಂದು ಸಮುದಾಯದ ಬಸ್ತಿಗೆ ಕಳಂಕ ಹಚ್ಚಿದಂತಾಗುತ್ತದೆ ಎಂದು ಮಗಳ ಸಹೋದ್ಯೋಗಿಯೊಬ್ಬರು ನನ್ನೊಡನೆ ವಾದಿಸಿದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ, ಒಪ್ಪಲಾರೆ. ಕಳಂಕ ಅಂಕಿ ಇಲ್ಲದೆಯೂ ನಡೆಯುತ್ತಲೇ ಇದೆ: ‘ಆ ಕಡೆಯವರು ಮಕ್ಕಳನ್ನು ಓದಿಸುವುದಿಲ್ಲ’ ಎಂಬ ಮಾತು ಈ ಊರಿನ ಪ್ರತಿ ಚಹಾದಂಗಡಿಯಲ್ಲಿ ಕೇಳುತ್ತದೆ. ಬಸ್ತಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಶಾಲಾ ಕೋಣೆ ಇವೆ, ಮಳೆಗಾಲದಲ್ಲಿ ಎಷ್ಟು ದಿನ ಓಣಿಯಲ್ಲಿ ನೀರು ನಿಲ್ಲುತ್ತದೆ ಎಂದು ಬರೆದಿಟ್ಟರೆ ಆ ಮಾತಿಗೆ ಉತ್ತರ ಸಿಗುತ್ತದೆ. ಸಣ್ಣ ಮಾದರಿಯಿಂದ ವಾರ್ಡಿನ ಅಂದಾಜು ಮಾಡಿದರೆ ದೋಷ ಹೆಚ್ಚು ಎನ್ನುವುದು ಇನ್ನೊಂದು ಆಕ್ಷೇಪ. ಇದು ನಮ್ಮ ಶಾಸ್ತ್ರದವರು ಎತ್ತುವ ಸರಿಯಾದ ಆಕ್ಷೇಪ. ಹಾಗಾಗಿಯೇ ಜನಗಣತಿ ಬೇಕು. ಅದು ಮಾದರಿ ಆಯುವುದಿಲ್ಲ, ಎಲ್ಲರನ್ನೂ ಎಣಿಸುತ್ತದೆ.

ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ವಾರಾಣಸಿ ಜಿಲ್ಲೆಯ ಸಾಕ್ಷರತೆ ಶೇ 75.60, ಹೆಂಗಸರಲ್ಲಿ ಶೇ 66.69 ಎಂದು ಇಂದಿಗೂ ಬರೆಯುತ್ತಿರುವುದು ಆಗಿನ ಅಂಕಿ. ಆಗ ಹುಟ್ಟಿದ ಮಗು ಈಗ ಹೈಸ್ಕೂಲಿನಲ್ಲಿದೆ. ಆಹಾರ ಭದ್ರತಾ ಕಾಯ್ದೆಯಡಿ ಎಷ್ಟು ಜನಕ್ಕೆ ಪಡಿತರ ಎಂಬುದೂ 2011ರ ಜನಸಂಖ್ಯೆಗೇ ಕಟ್ಟುಬಿದ್ದಿದೆ. ಆಮೇಲೆ ಬೆಳೆದ ಕುಟುಂಬಗಳು ಆ ಮಿತಿಯ ಹೊರಗೆ ನಿಂತಿವೆ. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದಕ್ಕೆ ಹೋಗಿ ಹೋಗಿ ಈಗ 2027ಕ್ಕೆ ಬಂದಿದೆ, ಆಧಾರ ದಿನ ಮಾರ್ಚ್ 1. ಹಳ್ಳಿ, ನಗರ ಎಲ್ಲ ಕಡೆ ಮೊಬೈಲಿನಲ್ಲೇ ದಾಖಲಿಸುವ ಮೊದಲ ಗಣತಿ ಇದು. ಜಾತಿಯನ್ನೂ ಕೇಳುತ್ತಾರೆ.

2011ರ ಗಣತಿಯಲ್ಲಿ ಯಾರು ಎಷ್ಟು ಓದಿದ್ದಾರೆ, ಯಾವ ಮಗು ಶಾಲೆಗೆ ಹೋಗುತ್ತಿದೆ, ನೀರು ಎಲ್ಲಿಂದ, ಒಲೆ ಯಾವುದು, ಯಾರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದ್ದರು. ಮದುವೆಯಾದ ಹೆಣ್ಣಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಎಂದೂ ಕೇಳಿದ್ದರು. ಸೂಚ್ಯಂಕಕ್ಕೆ ಬೇಕಾದ ಮೂರೂ ಆಧಾರಗಳ ಸುಳಿವು ಇಷ್ಟರಲ್ಲಿದೆ. ಆಯುಷ್ಯದ ಬದಲು ಮಕ್ಕಳ ಉಳಿವು, ಆದಾಯದ ಬದಲು ಮನೆಯ ಸೌಕರ್ಯ ಹಿಡಿದು ತಾಲ್ಲೂಕಿನ ಲೆಕ್ಕ ಮಾಡಬಹುದು ಎಂದು ಕರ್ನಾಟಕ ಆಗಲೇ ಮಾಡಿ ತೋರಿಸಿದೆ. 1948ರ ಜನಗಣತಿ ಕಾಯ್ದೆಯಂತೆ ಒಂದೊಂದು ಮನೆಯ ಉತ್ತರ ಗುಟ್ಟಾಗಿಯೇ ಇರುತ್ತದೆ, ಇರಲಿ. ಆದರೆ ವಾರ್ಡಿನ ಮೊತ್ತ, ಹಳ್ಳಿಯ ಮೊತ್ತ ಗುಟ್ಟಾಗಬೇಕಿಲ್ಲ. ವಾರಾಣಸಿಯ ನೂರು ವಾರ್ಡುಗಳದ್ದೂ, ರಾಯಚೂರಿನ ಪ್ರತಿ ಪಂಚಾಯಿತಿಯದ್ದೂ ಲೆಕ್ಕವನ್ನು ಆಯಾ ಭಾಷೆಯಲ್ಲಿ, ಆಯಾ ಕಚೇರಿಯ ಗೋಡೆಯ ಮೇಲೆ, ಗಣತಿ ಮುಗಿದ ಎರಡು ವರ್ಷದೊಳಗೆ ಅಂಟಿಸಬೇಕು. ಇದು ಕೇಂದ್ರಕ್ಕೂ ಎರಡೂ ರಾಜ್ಯಗಳಿಗೂ ನನ್ನ ಒತ್ತಾಯ.

ಓದುಗರಲ್ಲಿ ಒಂದು ಕೇಳಿಕೆ. ಗಣತಿಯವರು ನಿಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಬೇಡಿ, ಒಳಗೆ ಕರೆದು ಕೂರಿಸಿ. ಹೆಂಗಸರ ಪ್ರಶ್ನೆಗೆ ಹೆಂಗಸರೇ ಉತ್ತರ ಹೇಳಲಿ. ಬೀಡಿ ಕಟ್ಟುವುದು, ಹೊಲಿಯುವುದು, ಹೈನ ನೋಡಿಕೊಳ್ಳುವುದು, ಕಂಡಿಕೆ ಸುತ್ತುವುದು ಯಾವುದಿದ್ದರೂ ಕೆಲಸ ಎಂದೇ ಬರೆಸಿ. ಅಮ್ಮ ಎಷ್ಟು ಓದಿದ್ದಾರೆ ಎಂಬುದನ್ನು ನಾಚದೆ ಇದ್ದದ್ದು ಇದ್ದಂತೆ ಹೇಳಿ. ಗುಳೆ ಹೋದ ನೆರೆಮನೆಯವರು ಯಾವಾಗ ಮರಳುತ್ತಾರೆ ಎಂದು ಗಣತಿದಾರರಿಗೆ ತಿಳಿಸಿ. ಆಮೇಲೆ, ಅಂಕಿ ಪ್ರಕಟವಾದ ವರ್ಷ, ನಿಮ್ಮ ಪಂಚಾಯಿತಿಗೋ ಪಾಲಿಕೆಗೋ ಹೋಗಿ ನಮ್ಮ ವಾರ್ಡಿನ ಲೆಕ್ಕ ತೋರಿಸಿ ಎಂದು ಕೇಳಿ.